ಹವಾಯಿಯನ್ ಸ್ಟೀಲ್ ಗಿಟಾರ್: ಹುಟ್ಟಿದ್ದೆಲ್ಲಿ, ಹರಡಿದ್ದು ಹೇಗೆ, ಮಾಮೂಲಿ ಗಿಟಾರನ್ನು ಹಾಗೆ ಮಾರ್ಪಡಿಸುವುದು ಹೇಗೆ?

ತೊಡೆಗಿಟಾರು

ಎರಡು ಪ್ರಶ್ನೆ ಒಟ್ಟಿಗೆ ಇಡುತ್ತಿದ್ದೇನೆ.

ಮೊದಲನೆಯದು ಇತಿಹಾಸದ್ದು. ಗಿಟಾರನ್ನು ತೊಡೆಯ ಮೇಲೆ ಮಲಗಿಸಿ, ತಂತಿಯ ಮೇಲೆ ಉಕ್ಕಿನ ಸರಳು (ಬಾರ್) ಜಾರಿಸಿ ನುಡಿಸುವ ಈ ಕ್ರಮವನ್ನು ಹವಾಯಿಗೆ ಒಯ್ದವನು ಭಾರತದ ಹುಡುಗ, ಹಾಗಾಗಿ ಅದು ಹೀಗೇ ಜಾರಿಸಿ ನುಡಿಸುವ ನಮ್ಮ ವಿಚಿತ್ರವೀಣೆ ಮತ್ತು ಗೋಟುವಾದ್ಯದ ಕೂಸು ಎಂಬ ಮಾತು ಅಲ್ಲಲ್ಲಿ ಓಡಾಡುತ್ತಿದೆ. ಇದರಲ್ಲಿ ಹುರುಳೆಷ್ಟು?

ಎರಡನೆಯದು ಕೈಕೆಲಸದ್ದು. 650 ಮಿ.ಮೀ. ಸ್ಕೇಲಿನ (ನುಡಿಯುವ ತಂತಿಯ ಉದ್ದ) ಮಾಮೂಲಿ ಅಕೌಸ್ಟಿಕ್ ಗಿಟಾರ್, 12–53 ಸೆಟ್ ತಂತಿ (ಅತಿ ಸಣ್ಣ ಮತ್ತು ಅತಿ ದಪ್ಪ ತಂತಿಯ ದಪ್ಪ, ಇಂಚಿನ ಸಾವಿರದ ಲೆಕ್ಕ). ತಲೆಯ ಕಡೆ ತಂತಿ ಕೂರುವ ಪಟ್ಟಿಯಾದ ನಟ್ ಮೇಲೆ ಎತ್ತರಿಸುವ ತೊಡಿಗೆ ಹಾಕಿ, ದಪ್ಪ ತಂತಿಯಿಂದ ಸಣ್ಣ ತಂತಿಯವರೆಗೆ ಎ–ಸಿ ಶಾರ್ಪ್–ಇ–ಎ–ಸಿ ಶಾರ್ಪ್–ಇ ಎಂದು ಶ್ರುತಿ ಮಾಡಿದರೆ ಒಡಲಿನ ಮೇಲೆ ತಂತಿ ಕಟ್ಟುವ ಬ್ರಿಡ್ಜಿನ ಹಿಂದಿನ ಹಲಗೆ ಉಬ್ಬುತ್ತಿದೆ. ಬಾರ್ ಇಟ್ಟಾಗ ನಡುವಿನ ತಂತಿಗಳು ಸ್ವಚ್ಛವಾಗಿ ನುಡಿಯುತ್ತವೆ, ಒಂದನೆಯದೂ (ಅತಿ ಸಣ್ಣದು) ಆರನೆಯದೂ (ಅತಿ ದಪ್ಪದ್ದು) ಝರ್ರೆನ್ನುತ್ತವೆ. ತಪ್ಪು ಎಲ್ಲಿದೆ?

ಉಕ್ಕಿನ ಕಡ್ಡಿ

ಇತಿಹಾಸ ಆಮೇಲೆ. ಮೊದಲು ತಂತಿ ಸಡಿಲಿಸಿ. ಆ ಗಿಟಾರ್ ಈಗ ಅಪಾಯದಲ್ಲಿದೆ.

12–53 ಸೆಟ್ ಮಾಮೂಲಿ ಶ್ರುತಿಯಲ್ಲಿ ಆರೂ ತಂತಿ ಸೇರಿ ಸುಮಾರು 74 ಕೆ.ಜಿ. ಎಳೆತ ಕೊಡುತ್ತದೆ. ಎಳೆತ ಏರುವುದು ಕಂಪನಸಂಖ್ಯೆಯ ವರ್ಗದ ಲೆಕ್ಕದಲ್ಲಿ. ನೀವು ಆರನೆಯ ತಂತಿಯನ್ನು ಇ ಇಂದ ಎ ಗೆ, ಅಂದರೆ ಐದು ಅರ್ಧಸ್ವರ (ಒಂದು ಅರ್ಧಸ್ವರ ಅಂದರೆ ಒಂದು ಫ್ರೆಟ್, ಒಂದು ಮೆಟ್ಟಿಲಿನ ಅಂತರ) ಏರಿಸಿದ್ದೀರಿ. ಅದೊಂದರ ಎಳೆತವೇ 1.78 ಪಟ್ಟು ಆಯಿತು. ಐದನೆಯದು ನಾಲ್ಕು ಅರ್ಧಸ್ವರ ಏರಿದೆ, 1.59 ಪಟ್ಟು. ನಾಲ್ಕು, ಮೂರು, ಎರಡನೆಯ ತಂತಿಗಳು ತಲಾ ಎರಡು ಅರ್ಧಸ್ವರ, 1.26 ಪಟ್ಟು. ಎಲ್ಲ ಕೂಡಿಸಿದರೆ 100 ಕೆ.ಜಿ. ಮುಟ್ಟುತ್ತದೆ. ಹಲಗೆ ಉಬ್ಬದೆ ಇನ್ನೇನು ಮಾಡೀತು?

ಈ ಶ್ರುತಿಗೆ ಹೈ ಬೇಸ್ ಎ ಎನ್ನುತ್ತಾರೆ. ಇದಕ್ಕೆ ತಂತಿಯನ್ನೇ ಬೇರೆ ಹಾಕಬೇಕು, ಅಂಗಡಿಯ ಸೆಟ್ ಒಗ್ಗುವುದಿಲ್ಲ. ಬಿಡಿಯಾಗಿ ಕೊಳ್ಳುವುದಾದರೆ ಒಂದರಿಂದ ಆರರವರೆಗೆ 14, 16, 22, 28, 33, 39 (ಇಂಚಿನ ಸಾವಿರದ ಲೆಕ್ಕ). ಮೊದಲ ಎರಡು ಬರಿಯ ತಂತಿ, ಉಳಿದವು ಸುತ್ತು ತಂತಿ. ಆಗ ಒಟ್ಟು ಎಳೆತ 80 ಕೆ.ಜಿ. ಆಸುಪಾಸು ನಿಲ್ಲುತ್ತದೆ. ಹಲಗೆ ಈಗಾಗಲೇ ಉಬ್ಬಿರುವುದರಿಂದ ಇದೇ ತಂತಿಗಳನ್ನು ಒಂದು ಪೂರ್ಣಸ್ವರ ಇಳಿಸಿ ಜಿ–ಬಿ–ಡಿ–ಜಿ–ಬಿ–ಡಿ ಮಾಡಿಕೊಳ್ಳಿ. ಎಳೆತ 64 ಕೆ.ಜಿ.ಗೆ ಇಳಿಯುತ್ತದೆ. ಸ್ವರಗಳ ನಡುವಿನ ಅಂತರ ಒಂದೇ ಆದ್ದರಿಂದ ಕಲಿತ ಕೈ ಹಾಳಾಗುವುದಿಲ್ಲ. ಡೋಬ್ರೊ ಎಂಬ ಲೋಹದ ಶಂಕುವಿನ ಗಿಟಾರ್ ನುಡಿಸುವವರ ಶ್ರುತಿ ಇದೇ. ತಂತಿಯನ್ನೇ ಬದಲಿಸಲು ಮನಸ್ಸಿಲ್ಲದಿದ್ದರೆ ಡಿ–ಜಿ–ಡಿ–ಜಿ–ಬಿ–ಡಿ ಇದೆ. ಇಲ್ಲಿ ಮೂರು ತಂತಿ ಇಳಿಯುತ್ತವೆ, ಯಾವುದೂ ಏರುವುದಿಲ್ಲ. ಹವಾಯಿಯವರು ಇದನ್ನು ಟ್ಯಾರೋ ಪ್ಯಾಚ್ ಎನ್ನುತ್ತಾರೆ. ಟ್ಯಾರೋ ಅಂದರೆ ನಮ್ಮ ಕೆಸುವಿನ ಗಡ್ಡೆ.

ಬ್ರಿಡ್ಜ್ ಕಿತ್ತಿದೆಯೇ ಎಂದು ನೋಡಲು ತೆಳು ಕಾಗದವನ್ನು ಅದರ ಹಿಂಬದಿಯ ಅಂಚಿಗೆ ತೂರಿಸಿ ನೋಡಿ. ಒಳಗೆ ಜಾರಿದರೆ ಅಂಟು ಬಿಟ್ಟಿದೆ ಎಂದೇ ಅರ್ಥ. ರಿಪೇರಿಯಾಗುವ ತನಕ ತಂತಿ ಬಿಗಿಯಬೇಡಿ.

ಇನ್ನು ಝರ್ರೆನ್ನುವುದು. ಮಾಮೂಲಿ ಗಿಟಾರಿನ ಸ್ಯಾಡಲ್, ಅಂದರೆ ಬ್ರಿಡ್ಜ್ ಮೇಲೆ ತಂತಿ ಕೂರುವ ಪಟ್ಟಿ, ಕಮಾನಿನಂತೆ ಬಾಗಿರುತ್ತದೆ. 16 ಇಂಚಿನ ತ್ರಿಜ್ಯ, ತಂತಿಗಳ ಹರವು 52 ಮಿ.ಮೀ. ಎಂದಿಟ್ಟುಕೊಂಡರೆ ನಡುವಿನ ತಂತಿಗಳು ಅಂಚಿನ ತಂತಿಗಳಿಗಿಂತ ಸುಮಾರು 0.8 ಮಿ.ಮೀ. ಎತ್ತರದಲ್ಲಿರುತ್ತವೆ. ನೇರವಾದ ಉಕ್ಕಿನ ಸರಳು ಆ ದಿಬ್ಬದ ಮೇಲೆ ತಕ್ಕಡಿಯ ದಂಡಿಯಂತೆ ತೂಗಾಡುತ್ತದೆ, ಎರಡೂ ತುದಿಯ ತಂತಿಗಳಿಗೆ ಸರಿಯಾಗಿ ಕೂರುವುದೇ ಇಲ್ಲ. ಬಲವಾಗಿ ಒತ್ತಿದರೆ ನಡುವಿನ ತಂತಿಗಳು ಬಗ್ಗಿ ಶ್ರುತಿ ಏರುತ್ತದೆ. ಪರಿಹಾರ ಒಂದೇ: ಮೇಲ್ಭಾಗ ಪೂರ್ತಿ ಸಪಾಟಾದ ಹೊಸ ಸ್ಯಾಡಲ್. ಮೂಳೆಯದಾದರೆ ಒಳ್ಳೆಯದು. ಹಳೆಯದನ್ನು ಉಜ್ಜಿ ಸಪಾಟು ಮಾಡಬೇಡಿ, ಎತ್ತರ ಕಡಿಮೆಯಾಗುತ್ತದೆ. ನಟ್ ಬಳಿ ತಂತಿಗಳು ಬೆರಳಹಲಗೆಯಿಂದ 9–10 ಮಿ.ಮೀ. ಎತ್ತರದಲ್ಲಿರಲಿ, ಹನ್ನೆರಡನೆಯ ಫ್ರೆಟ್ಟಿನ ಹತ್ತಿರವೂ 7 ಮಿ.ಮೀ.ಗೆ ಕಡಿಮೆಯಾಗದಿರಲಿ. ಇಲ್ಲವಾದರೆ ಬಾರ್ ಫ್ರೆಟ್ಟಿಗೆ ಬಡಿಯುತ್ತದೆ.

ಸ್ಯಾಡಲ್ ಓರೆಯಾಗಿ ಕೂತಿರುವುದನ್ನೂ ಗಮನಿಸಿ. ಬೆರಳಿನಿಂದ ತಂತಿ ಒತ್ತಿದಾಗ ಅದು ಹಿಗ್ಗಿ ಶ್ರುತಿ ಏರುತ್ತದೆ, ಅದನ್ನು ಸರಿದೂಗಿಸಲು ದಪ್ಪ ತಂತಿಯನ್ನು 3 ಮಿ.ಮೀ. ಉದ್ದ ಬಿಟ್ಟಿರುತ್ತಾರೆ. ಬಾರ್ ಇಟ್ಟು ನುಡಿಸುವಾಗ ಈ ಹಿಗ್ಗುವಿಕೆ ಇಲ್ಲ. ಹಾಗಾಗಿ ಹನ್ನೆರಡನೆಯ ಫ್ರೆಟ್ಟಿನಲ್ಲಿ ಬಾರನ್ನು ನೇರವಾಗಿಟ್ಟರೆ ಆರನೆಯ ತಂತಿ ಸುಮಾರು 8 ಸೆಂಟ್‌ನಷ್ಟು ತಗ್ಗಿ ಕೇಳುತ್ತದೆ. ಸೆಂಟ್ ಅಂದರೆ ಅರ್ಧಸ್ವರದ ನೂರನೇ ಒಂದು ಪಾಲು. ಕಿವಿ ಇದ್ದವರಿಗೆ ಇದು ಗೊತ್ತಾಗಿಯೇ ಆಗುತ್ತದೆ. ಸ್ಟೀಲಿಗೆಂದೇ ಕಟ್ಟಿದ ವಾದ್ಯಗಳಲ್ಲಿ ಸ್ಯಾಡಲ್ ನೇರವಾಗಿರುವುದು ಇದಕ್ಕೇ.

ಮಂದ್ರಷಡ್ಜ

ಮೊದಲ ಪ್ರಶ್ನೆಗೆ ಬರುತ್ತೇನೆ. ಆ ಮಾತಿನ ಹಿಂದೆ ಒಂದು ದಾಖಲೆ ಇದೆ. ಆದರೆ ಅದರ ಮೇಲೆ ಕಟ್ಟುತ್ತಿರುವ ಕಟ್ಟಡ ತೀರಾ ದೊಡ್ಡದು.

ಹವಾಯಿಗೆ ಗಿಟಾರ್ ಬಂದದ್ದು 1830ರ ದಶಕದಲ್ಲಿ, ದನ ಕಾಯುವ ಕೆಲಸ ಕಲಿಸಲೆಂದು ಕರೆಸಿದ ಮೆಕ್ಸಿಕೊದ ಕುದುರೆ ಸವಾರರ ಜೊತೆಗೆ. ಸ್ಥಳೀಯರು ಅದರ ತಂತಿಗಳನ್ನು ಸಡಿಲಿಸಿ ತಮ್ಮದೇ ಶ್ರುತಿಗಳನ್ನು ಮಾಡಿಕೊಂಡರು. ಅದಕ್ಕೆ ಅವರ ಭಾಷೆಯಲ್ಲಿ ಕೀ ಹೋʻಅಲು ಎನ್ನುತ್ತಾರೆ. ಬರಿ ತಂತಿ ಮೀಟಿದರೂ ಒಂದು ಕಾರ್ಡ್ (ಒಟ್ಟಿಗೆ ಮೊಳಗುವ ಸ್ವರಗಳ ಗುಚ್ಛ) ನುಡಿಯುವ ಈ ಶ್ರುತಿ ಮೊದಲೇ ರೂಢಿಯಲ್ಲಿದ್ದದ್ದರಿಂದಲೇ ಅಡ್ಡಲಾಗಿ ಒಂದು ಸರಳನ್ನು ಇಟ್ಟು ಜಾರಿಸಿದರೆ ಕಾರ್ಡ್ ಇಡಿಯಾಗಿ ಜಾರುತ್ತದೆ ಎಂಬುದು ಹೊಳೆಯಲು ಸಾಧ್ಯವಾಯಿತು. ಕೆದಕಬೇಕಾದ ಬೇರು ಇಲ್ಲಿದೆ.

ಜೋಸೆಫ್ ಕೆಕುಕು ಹುಟ್ಟಿದ್ದು 1874ರಲ್ಲಿ, ಓವಾಹು ದ್ವೀಪದ ಲಾಯೆ ಎಂಬ ಊರಿನಲ್ಲಿ. ಹದಿಹರೆಯದಲ್ಲಿ ಬಾಚಣಿಗೆ, ಚಾಕುವಿನ ಬೆನ್ನು ಹೀಗೆ ಕೈಗೆ ಸಿಕ್ಕಿದ್ದನ್ನೆಲ್ಲ ತಂತಿಯ ಮೇಲೆ ಜಾರಿಸಿ ನೋಡಿ, ಕೊನೆಗೆ ಉಕ್ಕಿನ ನುಣುಪು ಸರಳಿಗೆ ಬಂದು ನಿಂತ. 1889ರಲ್ಲಿ ಹೊನೊಲುಲುವಿನ ಕಮೆಹಮೆಹಾ ಶಾಲೆಗೆ ಸೇರಿದ ಮೇಲೆ ಆ ಕ್ರಮ ಸಹಪಾಠಿಗಳ ಮೂಲಕ ದ್ವೀಪಗಳಿಗೆಲ್ಲ ಹಬ್ಬಿತು. ರೈಲುಹಳಿಯ ಪಕ್ಕ ಸಿಕ್ಕ ಬೋಲ್ಟ್ ತಂತಿಗೆ ತಾಗಿ ಈ ನಾದ ಹುಟ್ಟಿತು ಎಂಬ ಕಥೆ ಬಹಳ ಜನಪ್ರಿಯ. ಅದನ್ನು 1885ರ ಸುಮಾರಿಗೆ ಇಡುವವರು ಒಂದನ್ನು ನೆನಪಿಡಬೇಕು: ಓವಾಹುವಿನ ಮುಖ್ಯ ರೈಲುಮಾರ್ಗ ಓಡಲು ಶುರುವಾದದ್ದೇ 1889ರಲ್ಲಿ. ಕಥೆ ಚೆನ್ನಾಗಿದೆ ಎಂದು ಇಸವಿಯನ್ನು ಬಗ್ಗಿಸುವುದು ಸರಿಯಲ್ಲ.

ಕೆಕುಕು ಜೊತೆಗೆ ಇನ್ನೂ ಇಬ್ಬರ ಹೆಸರು ಕೇಳಿಬರುತ್ತದೆ, ಜೇಮ್ಸ್ ಹೋಆ ಮತ್ತು ಗೇಬ್ರಿಯಲ್ ಡೇವಿಯನ್. ಭಾರತದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿ ಹಡಗಿನ ಕಪ್ತಾನನೊಬ್ಬ ಅಪಹರಿಸಿ, ಕೊನೆಗೆ ಹೊನೊಲುಲು ಸೇರಿದ ಹುಡುಗ ಎಂದು ಹೇಳುವುದು ಈ ಡೇವಿಯನ್ ಬಗ್ಗೆ. ಅವನು ಗಿಟಾರಿನ ಒಂದು ತಂತಿಯ ಮೇಲೆ ವಸ್ತುವೊಂದನ್ನು ಜಾರಿಸಿ ನುಡಿಸುತ್ತಿದ್ದುದನ್ನು 1884ರಲ್ಲಿ ಕಂಡೆ ಎಂದು ಹವಾಯಿಯ ಸಂಗೀತಗಾರ ಚಾರ್ಲ್ಸ್ ಇ. ಕಿಂಗ್ ಹೇಳಿದ್ದಾರೆ, ಅದೂ ಅರ್ಧ ಶತಮಾನ ಕಳೆದ ಮೇಲೆ, 1930ರ ದಶಕದಲ್ಲಿ. ಇರುವ ಸಾಕ್ಷ್ಯ ಇಷ್ಟೇ. ಆ ಹುಡುಗ ಭಾರತದ ಯಾವ ಊರಿನವನು, ಯಾವ ವಾದ್ಯ ಕೇಳಿ ಬೆಳೆದವನು ಎಂಬುದಕ್ಕೆ ಈ ಹೇಳಿಕೆಯಲ್ಲಿ ಉತ್ತರವಿಲ್ಲ. ಅಪಹರಣವಾದ ಮಗುವೊಂದು ವಿಚಿತ್ರವೀಣೆಯ ಪರಂಪರೆಯನ್ನು ಹೊತ್ತುಕೊಂಡು ಹೋಯಿತು ಎನ್ನುವುದು ನಾವು ಸೇರಿಸಿದ ಮಾತು.

ಒಂದು ತಂತಿಯ ಮೇಲೆ ಏನನ್ನಾದರೂ ಜಾರಿಸುವುದು ಜಗತ್ತಿನ ಹಲವು ಕಡೆ ಹಲವರಿಗೆ ಹೊಳೆದ ಉಪಾಯ. ಕೆಕುಕು ಮತ್ತು ಅವನ ಓರಗೆಯವರು ಕಟ್ಟಿದ್ದು ಒಂದು ಇಡೀ ಪದ್ಧತಿ: ಗಿಟಾರನ್ನು ತೊಡೆಯ ಮೇಲೆ ಮಲಗಿಸುವುದು, ತಂತಿಯನ್ನು ಎತ್ತರಿಸುವುದು, ಕರುಳಿನ ತಂತಿಗೆ ಬದಲು ಉಕ್ಕಿನದನ್ನು ಹಾಕುವುದು, ತೂಕದ ಸರಳು, ಬೆರಳಿಗೆ ಪಿಕ್, ಅದಕ್ಕೊಪ್ಪುವ ಶ್ರುತಿಗಳು. ಹವಾಯಿಯವರು ಇದಕ್ಕೆ ಕೀಕಾ ಕಿಲಾ ಎಂದು ಹೆಸರಿಟ್ಟರು. 1893ರಲ್ಲಿ ಅವರ ರಾಣಿಯನ್ನು ಗದ್ದುಗೆಯಿಂದ ಇಳಿಸಲಾಯಿತು, 1898ರಲ್ಲಿ ಅಮೆರಿಕ ದ್ವೀಪಗಳನ್ನು ತನ್ನದಾಗಿಸಿಕೊಂಡಿತು. ರಾಜ್ಯ ಕಳೆದುಕೊಂಡ ಜನರಿಂದ ಅವರ ವಾದ್ಯದ ಹಕ್ಕನ್ನೂ ಹಗುರವಾಗಿ ಎತ್ತಿಕೊಂಡು ನಮ್ಮ ಖಾತೆಗೆ ಬರೆದುಕೊಳ್ಳುವುದು ನನಗಂತೂ ಒಪ್ಪಿತವಲ್ಲ.

ಗೋಟುವಾದ್ಯಪ್ರಿಯ

ಮಂದ್ರಷಡ್ಜ ಅವರ ಮಾತಿಗೆ ವಾದ್ಯದ ಕಡೆಯಿಂದ ಪುಷ್ಟಿ ಕೊಡುತ್ತೇನೆ. ಎರಡನ್ನೂ ಪಕ್ಕ ಪಕ್ಕ ಇಟ್ಟು ನೋಡಿದರೆ ಒಂದರಿಂದ ಇನ್ನೊಂದು ಹುಟ್ಟಿತು ಎನ್ನಲು ಬೇಕಾದ ಗುರುತುಗಳೇ ಸಿಗುವುದಿಲ್ಲ.

ಗೋಟುವಾದ್ಯ, ಅಂದರೆ ಇಂದಿನ ಚಿತ್ರವೀಣೆ, ವೀಣೆಯ ದೇಹದ್ದು. ಮೆಟ್ಟಿಲುಗಳಿಲ್ಲ. ಅಗಲವಾದ ಕುದುರೆ, ತಾಳ–ಶ್ರುತಿಯ ತಂತಿಗಳು, ಕೆಳಗೆ ಅನುರಣನದ ತಂತಿಗಳು, ಎಲ್ಲ ಸೇರಿ ಇಪ್ಪತ್ತೊಂದರ ಆಸುಪಾಸು. ಜಾರಿಸುವ ಗೋಟು ಕರಿಮರ, ಕೊಂಬು, ಈಗೀಗ ಟೆಫ್ಲಾನ್. ಶ್ರುತಿ ಷಡ್ಜ–ಪಂಚಮಗಳದ್ದು, ಕಾರ್ಡ್ ಎಂಬ ಕಲ್ಪನೆಯೇ ಅಲ್ಲಿಲ್ಲ. ಹವಾಯಿಯನ್ ಗಿಟಾರಿನ ಜೀವಾಳವೇ ಕಾರ್ಡ್. ಮೂರು ತಂತಿ ಒಟ್ಟಿಗೆ ಜಾರಬೇಕು, ಅದಕ್ಕೇ ಬಾರು ಸಪಾಟಾಗಿ ಎಲ್ಲ ತಂತಿಗಳನ್ನೂ ಮುಟ್ಟಬೇಕು. ಕಡ್ಡಿಯವರು ಹೇಳಿದ 0.8 ಮಿ.ಮೀ. ದಿಬ್ಬದ ತಲೆನೋವು ಗೋಟುವಾದ್ಯದವರಿಗೆ ಅಷ್ಟಾಗಿ ಇರುವುದಿಲ್ಲ, ಏಕೆಂದರೆ ಗೋಟು ಓಡಾಡುವುದು ಮುಖ್ಯ ತಂತಿಗಳ ಮೇಲೆ ಮಾತ್ರ.

ಜಾರಿಸುವ ವಸ್ತುವೂ ನಾದವನ್ನು ನಿರ್ಧರಿಸುತ್ತದೆ. ಮರದ ಗೋಟು ತಂತಿಯ ಮೇಲುಸ್ವರಾಂಶಗಳನ್ನು ಹೀರಿಕೊಳ್ಳುತ್ತದೆ, ನಾದ ಬಾಯಿಹಾಡಿನ ಹತ್ತಿರ ಬರುತ್ತದೆ. ಉಕ್ಕು ಹೀರುವುದಿಲ್ಲ, ನಾದ ಬಹಳ ಹೊತ್ತು ಮಿಂಚುತ್ತಾ ನಿಲ್ಲುತ್ತದೆ. ಕಂಪಿತ ಗಮಕಕ್ಕೆ ಮೊದಲನೆಯದು ಹಿತ. ಹವಾಯಿಯ ನಿಧಾನದ ಹಾಡಿನ ಉದ್ದುದ್ದ ಸ್ವರಗಳಿಗೆ ಎರಡನೆಯದೇ ಬೇಕು. ಕರ್ನಾಟಕ ಸಂಗೀತದವರು ಸ್ಟೀಲ್ ಗಿಟಾರನ್ನು ಹಿಂದುಸ್ತಾನಿಯವರಷ್ಟು ಎತ್ತಿಕೊಳ್ಳದಿದ್ದುದಕ್ಕೆ ನನ್ನ ಲೆಕ್ಕದಲ್ಲಿ ಕಾರಣ ಸರಳ: ಆ ಜಾಗದಲ್ಲಿ ಗೋಟುವಾದ್ಯ ಆಗಲೇ ಕೂತಿತ್ತು.

ವಾಲ್ವ್ ಆಂಪ್

ಸ್ಟೀಲ್ ಗಿಟಾರಿನ ಪ್ರಭಾವ ಎಂದರೆ ಎಲ್ಲರೂ ಹಾಡುಗಳ ಬಗ್ಗೆ ಮಾತಾಡುತ್ತಾರೆ. ಎಲೆಕ್ಟ್ರಿಕ್ ಗಿಟಾರ್ ಎಂಬ ವಸ್ತುವೇ ಇದರ ಹೊಟ್ಟೆಯಲ್ಲಿ ಹುಟ್ಟಿದ್ದು ಎಂಬುದನ್ನು ಒತ್ತಿ ಹೇಳಬೇಕು.

1915ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಪನಾಮಾ–ಪೆಸಿಫಿಕ್ ಮೇಳದಲ್ಲಿ ಹವಾಯಿ ಮಂಟಪದ ವಾದ್ಯಗೋಷ್ಠಿಗಳನ್ನು ಲಕ್ಷಾಂತರ ಜನ ಕೇಳಿದರು. ಮುಂದಿನ ವರ್ಷಗಳಲ್ಲಿ ಹವಾಯಿಯ ಧ್ವನಿಮುದ್ರಿಕೆಗಳು ಅಮೆರಿಕದಲ್ಲಿ ಭಾರಿಯಾಗಿ ಮಾರಾಟವಾದವು. ಬೇಡಿಕೆ ಬಂತು, ಆದರೆ ದೊಡ್ಡ ಸಭಾಂಗಣದಲ್ಲಿ ತುತ್ತೂರಿ, ಡ್ರಮ್ಮುಗಳ ನಡುವೆ ತೊಡೆಯ ಮೇಲೆ ಮಲಗಿದ ಗಿಟಾರ್ ಯಾರಿಗೂ ಕೇಳಿಸುತ್ತಿರಲಿಲ್ಲ. ಅದರ ನಾದರಂಧ್ರ ಸಭಿಕರ ಕಡೆಗಲ್ಲ, ಚಾವಣಿಯ ಕಡೆಗೆ ಮುಖ ಮಾಡಿರುತ್ತದೆ!

ಮೊದಲ ಉತ್ತರ ಮರದ್ದು. ಲಾಸ್ ಏಂಜಲೀಸಿನ ಹರ್ಮನ್ ವೈಸನ್‌ಬಾರ್ನ್ 1920ರ ದಶಕದಲ್ಲಿ ಕುತ್ತಿಗೆಯನ್ನೂ ಪೊಳ್ಳು ಮಾಡಿ, ಒಳಗಿನ ಗಾಳಿಯ ಪ್ರಮಾಣ ಹೆಚ್ಚಿಸಿ ಗಿಟಾರ್ ಕಟ್ಟಿದರು. ಮರ ಕೋವಾ. ಹವಾಯಿಯಲ್ಲಿ ಮಾತ್ರ ಸಹಜವಾಗಿ ಬೆಳೆಯುವ ಮರ ಅದು, ನಮ್ಮ ಮಲೆನಾಡಿನ ಅಕೇಶಿಯಾ ತೋಪುಗಳ ದೂರದ ನೆಂಟ. ಎರಡನೆಯ ಉತ್ತರ ಲೋಹದ್ದು. ಸ್ಟೀಲ್ ವಾದಕ ಜಾರ್ಜ್ ಬೋಶಾಂಪ್ ಕೇಳಿಕೊಂಡದ್ದಕ್ಕೆ ಜಾನ್ ಡೊಪ್ಯೆರಾ 1927ರಲ್ಲಿ ಲೋಹದ ಒಡಲೊಳಗೆ ಅಲ್ಯುಮಿನಿಯಂನ ಮೂರು ತೆಳು ಶಂಕುಗಳನ್ನಿಟ್ಟು ನ್ಯಾಷನಲ್ ಗಿಟಾರ್ ಮಾಡಿದರು. ಬ್ರಿಡ್ಜಿನ ಕಂಪನ ನೇರವಾಗಿ ಶಂಕುಗಳಿಗೆ ಹೋಗುತ್ತದೆ, ಲೌಡ್‌ಸ್ಪೀಕರಿನ ಹಾಗೆ. ಮರುವರ್ಷವೇ ಡೊಪ್ಯೆರಾ ಸೋದರರು ಬೇರೆಯಾಗಿ ಒಂದೇ ಶಂಕುವನ್ನು ಬಟ್ಟಲಿನಂತೆ ಮೇಲ್ಮುಖವಾಗಿ ಕೂರಿಸಿ ಡೋಬ್ರೊ ತಂದರು.

ಮೂರನೆಯ ಉತ್ತರ ವಿದ್ಯುತ್ತಿನದು. ಬೋಶಾಂಪ್ ಅವರ ವಿನ್ಯಾಸ 1932ರಲ್ಲಿ ಮಾರುಕಟ್ಟೆಗೆ ಬಂತು. ಅಲ್ಯುಮಿನಿಯಂ ಎರಕದ ಪುಟ್ಟ ದುಂಡು ಒಡಲು, ಉದ್ದ ಕುತ್ತಿಗೆ, ಅದಕ್ಕೇ ಬಾಣಲೆ ಎಂಬ ಅಡ್ಡಹೆಸರು. ತಂತಿಗಳ ಮೇಲೂ ಕೆಳಗೂ ಬಳಸಿ ನಿಂತ ಎರಡು ಕುದುರೆಲಾಳದ ಆಯಸ್ಕಾಂತ, ಕೆಳಗೆ ತಾಮ್ರದ ತಂತಿಯ ಸುರುಳಿ. 1934ರಲ್ಲಿ ಸಲ್ಲಿಸಿದ ಪೇಟೆಂಟ್ ಅರ್ಜಿಗೆ ಮಂಜೂರಾತಿ ಸಿಕ್ಕಿದ್ದು 1937ರ ಆಗಸ್ಟಿನಲ್ಲಿ. ಬಾಣಲೆಯಲ್ಲಿ ಒಂದು ದೋಷವಿತ್ತು. ಅಲ್ಯುಮಿನಿಯಂ ಬಿಸಿಗೆ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ, ವೇದಿಕೆಯ ದೀಪದ ಕಾವಿಗೆ ಶ್ರುತಿ ಓಡುತ್ತಿತ್ತು. ಅದಕ್ಕೇ 1935ರಲ್ಲಿ ಬೇಕಲೈಟ್ ಒಡಲಿನ ಮಾದರಿ ಬಂತು.

ಸ್ಟೀಲ್ ಗಿಟಾರೇ ಮೊದಲು ಎಲೆಕ್ಟ್ರಿಕ್ ಆದದ್ದೇಕೆ? ಅದಕ್ಕೆ ನುಡಿಸಬಲ್ಲ ಫ್ರೆಟ್ ಬೇಡ, ಕೈಹಿಡಿಯಲು ನಯವಾದ ಕುತ್ತಿಗೆ ಬೇಡ, ಪೊಳ್ಳು ಒಡಲು ಬೇಡ. ನಟ್, ಬ್ರಿಡ್ಜ್, ನಡುವೆ ಗಟ್ಟಿ ತೊಲೆ ಇದ್ದರೆ ಸಾಕು. ಎಲೆಕ್ಟ್ರಿಕ್ ಗಿಟಾರ್ ತಯಾರಕ ಲಿಯೋ ಫೆಂಡರ್ 1945ರ ಹೊತ್ತಿಗೆ ಮಾಡಲು ಶುರುಮಾಡಿದ್ದೂ ಲ್ಯಾಪ್ ಸ್ಟೀಲ್‌ಗಳನ್ನೇ, ಅಂದರೆ ತೊಡೆಯ ಮೇಲಿಟ್ಟು ನುಡಿಸುವ ಸ್ಟೀಲ್ ಗಿಟಾರ್‌ಗಳನ್ನೇ. ಅವರ ಸ್ಟ್ರಾಟೊಕ್ಯಾಸ್ಟರ್ ಎಂಬ ಎಲೆಕ್ಟ್ರಿಕ್ ಗಿಟಾರಿನ ವಿನ್ಯಾಸಕ್ಕೆ ಕೈಜೋಡಿಸಿದ ಫ್ರೆಡ್ಡಿ ಟವಾರೆಸ್ ಮಾವಿ ದ್ವೀಪದಲ್ಲಿ ಹುಟ್ಟಿದ ಸ್ಟೀಲ್ ವಾದಕ.

ತೊಡೆಗಿಟಾರು

ತಂತಿ ಸಡಿಲಿಸಿದ್ದೇನೆ, ಕಾಗದ ಒಳಗೆ ಹೋಗಲಿಲ್ಲ. ಕಡ್ಡಿಯವರಿಗೆ ಧನ್ಯವಾದ.

ಮಂದ್ರಷಡ್ಜ ಅವರೇ, ಅಮೆರಿಕದ ಕರಿಯರ ಬ್ಲೂಸ್ ಸಂಗೀತದಲ್ಲಿ ಬಾಟಲಿಯ ಕತ್ತು ಜಾರಿಸಿ ನುಡಿಸುವುದೂ ಹವಾಯಿಯಿಂದಲೇ ಬಂದದ್ದೇ? ಹಿಂದುಸ್ತಾನಿ ಕಡೆಯ ಕೊಂಡಿಯನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಮಂದ್ರಷಡ್ಜ

ಬ್ಲೂಸ್ ವಿಷಯದಲ್ಲಿ ಒಂದೇ ಬೇರು ಹುಡುಕುವುದು ತಪ್ಪಾದೀತು. ಅಮೆರಿಕದ ದಕ್ಷಿಣದಲ್ಲಿ ಕರಿಯ ಜನಾಂಗದ ಮಕ್ಕಳು ಗೋಡೆಗೆ ಒಂದೇ ತಂತಿ ಬಿಗಿದು ಶೀಶೆ ಜಾರಿಸುವ ಆಟಿಕೆವಾದ್ಯ ಇತ್ತು, ಅದರ ಮೂಲವನ್ನು ಆಫ್ರಿಕಕ್ಕೆ ಒಯ್ಯುತ್ತಾರೆ. ಇತ್ತ ಬ್ಲೂಸ್ ಸಂಗೀತಗಾರ ಡಬ್ಲ್ಯು. ಸಿ. ಹ್ಯಾಂಡಿ ಮಿಸಿಸಿಪ್ಪಿಯ ಟಟ್‌ವೈಲರ್ ರೈಲುನಿಲ್ದಾಣದಲ್ಲಿ ಚಾಕು ಜಾರಿಸಿ ಗಿಟಾರ್ ನುಡಿಸುತ್ತಿದ್ದವನನ್ನು ಬಣ್ಣಿಸುವಾಗ ಹವಾಯಿಯ ವಾದಕರ ರೀತಿಯಲ್ಲಿ ಎಂದೇ ಬರೆದರು. ಘಟನೆ 1903ರ ಸುಮಾರಿನದು, ಬರೆದದ್ದು ದಶಕಗಳ ನಂತರ. 1900ರಿಂದಾಚೆಗೆ ಹವಾಯಿಯ ತಂಡಗಳು ಆ ಸೀಮೆಯಲ್ಲೆಲ್ಲ ಟೆಂಟು ಹಾಕಿ ತಿರುಗಿದ್ದೂ ನಿಜ. ಎರಡು ಹೊಳೆ ಕೂಡಿದ ಜಾಗ ಅದು.

ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತದಲ್ಲಿ ಮಾತ್ರ ಸಂದೇಹಕ್ಕೆ ಎಡೆಯಿಲ್ಲ. ಕಂಟ್ರಿ ಗಾಯಕ ಜಿಮ್ಮಿ ರಾಜರ್ಸ್ ಅವರ ಧ್ವನಿಮುದ್ರಣಗಳಲ್ಲಿ ಹವಾಯಿಯ ಜೋ ಕೈಪೋ ನುಡಿಸಿದ್ದಾರೆ. 1935ರಲ್ಲಿ ಬಾಬ್ ಡನ್ ಎಲೆಕ್ಟ್ರಿಕ್ ಸ್ಟೀಲನ್ನು ಆ ಸಂಗೀತದ ಧ್ವನಿಮುದ್ರಿಕೆಗೆ ತಂದರು. ಆಮೇಲೆ ಪೆಡಲ್ ಬಂತು: ಬಾರ್ ಅಲುಗಿಸದೆ ಕಾಲಿನಿಂದ ಒಂದೆರಡು ತಂತಿಗಳ ಶ್ರುತಿಯನ್ನಷ್ಟೇ ಏರಿಸುವ ಯಂತ್ರ. 1953ರಲ್ಲಿ ಬಡ್ ಐಸಾಕ್ಸ್ ತಂತಿ ನುಡಿಯುತ್ತಿರುವಾಗಲೇ ಪೆಡಲ್ ಒತ್ತಿ, ಒಂದು ಸ್ವರ ನಿಂತು ಇನ್ನೊಂದು ಅದರೊಳಗೆ ಬಗ್ಗಿ ಬರುವುದನ್ನು ಕೇಳಿಸಿದರು. ಇಂದು ಕಂಟ್ರಿ ಎಂದ ಕೂಡಲೇ ಕಿವಿಗೆ ಬರುವ ಆ ಅಳುವ ನಾದ ಅಲ್ಲಿಂದ ಶುರು.

ಆಫ್ರಿಕನ್ ಅಮೆರಿಕನ್ನರ ಹೌಸ್ ಆಫ್ ಗಾಡ್ ಚರ್ಚುಗಳಲ್ಲಿ 1930ರ ದಶಕದ ಕೊನೆಯಿಂದ ಆರ್ಗನ್ ಜಾಗದಲ್ಲಿ ಸ್ಟೀಲ್ ಗಿಟಾರ್ ನಿಂತಿತು. ಟ್ರೋಮನ್ ಈಸನ್, ಅವರ ತಮ್ಮ ವಿಲ್ಲಿ ಈಸನ್ ಅದನ್ನು ಪ್ರಾರ್ಥನೆಯ ದನಿಯಾಗಿಸಿದರು. ಜಪಾನಿಗೆ 1930ರ ದಶಕದಲ್ಲಿ ಒಯ್ದವರು ಹವಾಯಿಯಲ್ಲಿ ಹುಟ್ಟಿದ ಬಕಿ ಶಿರಾಕಟಾ. ಹಾಲೆಂಡಿನಲ್ಲಿ 1934ರಿಂದ ಕಿಲಿಮಾ ಹವಾಯಿಯನ್ಸ್ ತಂಡ ಇತ್ತು. ನೈಜೀರಿಯದಲ್ಲಿ ಕಿಂಗ್ ಸನ್ನಿ ಅಡೆ ಅವರ ಸಂಗೀತದಲ್ಲಿ (ಯೊರುಬಾ ಜನರ ಈ ಪ್ರಕಾರದ ಹೆಸರು ‘ಜೂಜು’) ಡೆಮೊಲಾ ಅಡೆಪೋಜು ಪೆಡಲ್ ಸ್ಟೀಲ್ ನುಡಿಸಿದರು. ಮಾತಾಡುವ ಡೋಲುಗಳ ನಡುವೆ ಅದು ಎಷ್ಟು ಸಹಜವಾಗಿ ಕೂರುತ್ತದೆ ಎಂಬುದನ್ನು ಕೇಳಿಯೇ ತಿಳಿಯಬೇಕು. ಯೊರುಬಾ ಭಾಷೆಯಲ್ಲಿ ಸ್ವರದ ಏರಿಳಿತಕ್ಕೇ ಅರ್ಥವಿದೆ, ಜಾರುವ ನಾದ ಅಲ್ಲಿ ಪರಕೀಯವಾಗಲು ಕಾರಣವೇ ಇಲ್ಲ.

ಧಾರವಾಡದ ಚಿಕಾರಿ

ಭಾರತದ ಕೊಂಡಿ ನಾನು ಹೇಳುತ್ತೇನೆ. ದಿಕ್ಕು ಹವಾಯಿಯಿಂದ ಇತ್ತ ಎಂಬುದು ಇಲ್ಲಿ ಸ್ಪಷ್ಟ.

ಟೌ ಮೋಯ್ ಹುಟ್ಟಿದ್ದು 1908ರಲ್ಲಿ ಸಮೋವಾದಲ್ಲಿ, ಬೆಳೆದದ್ದು ಅದೇ ಲಾಯೆಯಲ್ಲಿ. ಕೆಕುಕುವಿನ ಊರು! 1920ರ ದಶಕದ ಕೊನೆಯಲ್ಲಿ ತಂಡದೊಂದಿಗೆ ಏಷ್ಯಾ ಪ್ರವಾಸ ಹೊರಟವರು ಹೆಂಡತಿ ಮಕ್ಕಳೊಂದಿಗೆ ದಶಕಗಟ್ಟಲೆ ದೇಶ ದೇಶ ಸುತ್ತಿದರು. ಎರಡನೆಯ ಮಹಾಯುದ್ಧದ ವರ್ಷಗಳಲ್ಲಿ ಅವರ ನೆಲೆ ಕಲ್ಕತ್ತ. ಅಲ್ಲಿನ ಹೋಟೆಲುಗಳಲ್ಲಿ ನುಡಿಸಿದರು, ಕಲಿಸಿದರು. ಕಲ್ಕತ್ತದ ಗಾರ್ನಿ ನಿಸ್ ತಮ್ಮದೇ ಹವಾಯಿಯನ್ ತಂಡ ಕಟ್ಟಿದರು. ಮುಂದೆ ಸುನೀಲ್ ಗಂಗೂಲಿ, ಬಟುಕ್ ನಂದಿಯಂಥವರು ರವೀಂದ್ರ ಸಂಗೀತವನ್ನೂ ಸಿನಿಮಾ ಹಾಡುಗಳನ್ನೂ ಇದರಲ್ಲಿ ನುಡಿಸಿ ಮನೆಮನೆಗೆ ಮುಟ್ಟಿಸಿದರು. ಬಂಗಾಳದಲ್ಲಿ ಹವಾಯಿಯನ್ ಗಿಟಾರ್ ಎಂದರೆ ನಮ್ಮಲ್ಲಿ ಹಾರ್ಮೋನಿಯಂ ಇದ್ದ ಹಾಗೆ.

ಹಾರ್ಮೋನಿಯಂ ಎಂದಾಗ ಇನ್ನೊಂದು ನೆನಪಾಗುತ್ತದೆ. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು) ಬಾರದ ವಾದ್ಯ ಎಂದು ಆಕಾಶವಾಣಿ 1940ರಿಂದ ಮೂರು ದಶಕ ಅದನ್ನು ದೂರವಿಟ್ಟಿತ್ತು. ಸ್ಟೀಲ್ ಗಿಟಾರಿಗೆ ಆ ಆಕ್ಷೇಪ ಅಂಟುವುದೇ ಇಲ್ಲ, ಬರುವುದೆಲ್ಲ ಮೀಂಡೇ. ಅದರ ಸಮಸ್ಯೆ ತಿರುಗುಮುರುಗು: ಬಿಡಿಬಿಡಿಯಾದ ಸ್ವರ, ವೇಗದ ತಾನ್ ಕಷ್ಟ. ಬಾರ್ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವಾಗ ನಡುವಿನದೆಲ್ಲ ಕೇಳಿಸಿಬಿಡುತ್ತದೆ. ಮೀಟುವ ಕ್ಷಣಕ್ಕೆ ಬಾರ್ ಗುರಿಯಲ್ಲಿ ನಿಂತಿರಬೇಕು, ಅದಕ್ಕೂ ಮುಂಚೆ ಬಲಗೈ ಅಂಗೈಯಿಂದ ಹಿಂದಿನ ಸ್ವರವನ್ನು ಮುಚ್ಚಿರಬೇಕು.

ಬ್ರಿಜ್ ಭೂಷಣ್ ಕಾಬ್ರಾ (1937–2018) ಅಲಿ ಅಕ್ಬರ್ ಖಾನ್ ಅವರ ಬಳಿ ಕಲಿತು ಈ ವಾದ್ಯವನ್ನು ರಾಗಕ್ಕೆ ಪಳಗಿಸಿದರು. ಕಾರ್ಡಿನ ಶ್ರುತಿ ಕೈಬಿಟ್ಟು, ನಡುನಡುವೆ ಲಯಕ್ಕೆ ಮೀಟುವ ಚಿಕಾರಿ ತಂತಿ ಸೇರಿಸಿ, ನಟ್ ಎತ್ತರಿಸಿ, ಒಂದೆರಡು ತಂತಿಗಳ ಮೇಲೆ ಉದ್ದಕ್ಕೆ ಓಡುವ ಕ್ರಮ ತಂದರು. 1967ರಲ್ಲಿ ಶಿವಕುಮಾರ ಶರ್ಮಾ, ಹರಿಪ್ರಸಾದ ಚೌರಾಸಿಯಾ ಅವರ ಜೊತೆ ಮಾಡಿದ ಧ್ವನಿಮುದ್ರಿಕೆ ದೇಶವಿಡೀ ಕೇಳಿಸಿತು. ವಿಶ್ವಮೋಹನ ಭಟ್ಟರ ಮೋಹನ ವೀಣೆಯಲ್ಲಿ ಮೂರು ಮುಖ್ಯ ತಂತಿ, ನಾಲ್ಕೈದು ಚಿಕಾರಿ–ಶ್ರುತಿ ತಂತಿ, ಕೆಳಗೆ ಹನ್ನೆರಡು ತರಬ್ (ಅನುರಣನದ ತಂತಿ). ಅಮೆರಿಕದ ಗಿಟಾರ್ ವಾದಕ ರೈ ಕೂಡರ್ ಜೊತೆಗಿನ ಅವರ ಆಲ್ಬಂಗೆ 1994ರಲ್ಲಿ ಗ್ರ್ಯಾಮಿ ಬಂತು. ಕಾಬ್ರಾ ಶಿಷ್ಯ ದೇಬಾಶಿಷ್ ಭಟ್ಟಾಚಾರ್ಯ ಚತುರಂಗುಯಿ ಎಂಬ ಬೇರೆಯದೇ ರೂಪ ಮಾಡಿಕೊಂಡಿದ್ದಾರೆ. ಬೆಂಗಳೂರಿನಲ್ಲಿ ಪ್ರಕಾಶ್ ಸೊಂಟಕ್ಕೆ ಹಿಂದುಸ್ತಾನಿ ಸ್ಲೈಡ್ ಗಿಟಾರ್ ನುಡಿಸುತ್ತಾರೆ.

ತೊಡೆಗಿಟಾರು ಅವರೇ, ರಾಗ ನುಡಿಸುವ ಉದ್ದೇಶವಿದ್ದರೆ ಕಡ್ಡಿಯವರು ಕೊಟ್ಟ ಶ್ರುತಿಗಳಲ್ಲಿ ಡಿ–ಜಿ–ಡಿ–ಜಿ–ಬಿ–ಡಿ ಹಿಡಿದು, ಎರಡನೆಯ ತಂತಿಯ ಬಿ ಯನ್ನು ಜಿ ಗೆ ಇಳಿಸಿ. ಜಿ ಯನ್ನು ಷಡ್ಜ ಎಂದು ಹಿಡಿದರೆ ಬಿ ಶುದ್ಧ ಗಾಂಧಾರ, ಅದು ಸದಾ ಮೊಳಗುತ್ತಿದ್ದರೆ ಕೋಮಲ ಗಾಂಧಾರದ ರಾಗಗಳು ಕೆಡುತ್ತವೆ. ಜಿ ಗೆ ಇಳಿಸಿದಾಗ 16ರ ತಂತಿ ತೀರಾ ಸಡಿಲ ಎನಿಸಿದರೆ 20 ಹಾಕಿ.

ತೊಡೆಗಿಟಾರು

ಕೊನೆಯದೊಂದು. ಬಾರ್ ಯಾವುದು ಕೊಳ್ಳಲಿ? ಮತ್ತು ಬಾರನ್ನು ಓರೆಯಾಗಿಟ್ಟು ಬೇರೆ ಕಾರ್ಡ್ ತರುತ್ತಾರಲ್ಲ, ಅದು ಮೊದಲ ಮೂರು ನಾಲ್ಕು ಫ್ರೆಟ್ಟಿನಲ್ಲಿ ಕೂರುತ್ತಲೇ ಇಲ್ಲ.

ಉಕ್ಕಿನ ಕಡ್ಡಿ

ಬಾರ್: 19 ಮಿ.ಮೀ. ದಪ್ಪ, 76 ಮಿ.ಮೀ. ಉದ್ದದ ಗಟ್ಟಿ ಸ್ಟೇನ್‌ಲೆಸ್ ಸರಳು ಸುಮಾರು 170 ಗ್ರಾಂ ತೂಗುತ್ತದೆ. 22 × 83 ಮಿ.ಮೀ.ನದು 250 ಗ್ರಾಂ. ಆರು ತಂತಿಗೆ ಮೊದಲನೆಯದು ಸಾಕು, ಎರಡನೆಯದು ಹೆಚ್ಚು ತಂತಿಯ ಪೆಡಲ್ ಸ್ಟೀಲಿಗೆ. ತೂಕ ತಾನಾಗಿ ಕೂರಬೇಕು, ಕೈ ಒತ್ತಬಾರದು. ಒಂದು ತುದಿ ಗುಂಡಿನಂತೆ ಉರುಟಾಗಿರಲಿ, ತಂತಿಯಿಂದ ತಂತಿಗೆ ಹೋಗುವಾಗ ಸಿಕ್ಕಿಕೊಳ್ಳುವುದಿಲ್ಲ. ಲೇತ್‌ನಲ್ಲಿ ಮಾಡಿಸುವುದಾದರೆ ಉಳಿಯ ಗೆರೆ ಒಂದೂ ಉಳಿಯದಂತೆ 400, 800, 1500ರ ನೀರುಕಾಗದದಲ್ಲಿ ಉಜ್ಜಿಸಿ, ಕೊನೆಗೆ ಬಫ್ ಹಾಕಿಸಿ. ಉಗುರು ಎಳೆದರೆ ತಡೆಯುವಂಥ ಗೀರು ಇದ್ದರೂ ಸುತ್ತು ತಂತಿಯ ಮೇಲೆ ಕರಕರ ಕೇಳುತ್ತದೆ. ಮೈಲ್ಡ್ ಸ್ಟೀಲ್ ಬೇಡ, ಕರಾವಳಿಯ ಕಡೆಯಾದರೆ ಬೆವರಿಗೂ ಗಾಳಿಗೂ ವಾರದಲ್ಲಿ ತುಕ್ಕು.

ಓರೆ ಬಾರ್ ಕೂರದಿರುವುದು ನಿಮ್ಮ ಕೈಯ ತಪ್ಪಲ್ಲ, ಅಳತೆಯೇ ಹಾಗೆ. 650 ಮಿ.ಮೀ. ಸ್ಕೇಲಿನಲ್ಲಿ ಮೊದಲ ಫ್ರೆಟ್ಟಿನ ಅಂತರ 36 ಮಿ.ಮೀ.ಗಿಂತ ಹೆಚ್ಚು, ಹನ್ನೆರಡರ ಹತ್ತಿರ 18 ಮಾತ್ರ. ತಂತಿ–ತಂತಿಯ ನಡುವೆ 9–10 ಮಿ.ಮೀ. ಪಕ್ಕಪಕ್ಕದ ಎರಡು ತಂತಿಗಳಿಗೆ ಒಂದು ಫ್ರೆಟ್ ಓರೆ ಕೊಡಬೇಕೆಂದರೆ ಮೊದಲ ಫ್ರೆಟ್ಟುಗಳಲ್ಲಿ ಬಾರ್ ಬಹುತೇಕ ತಂತಿಗೆ ಸಮಾನಾಂತರವಾಗಬೇಕಾಗುತ್ತದೆ. ಅದು ಆಗದ ಮಾತು. ಅಲ್ಲಿ ದೂರದ ತಂತಿಗಳನ್ನು, ಒಂದು ಮತ್ತು ನಾಲ್ಕನೆಯದನ್ನು, ಜೋಡಿ ಮಾಡಿ. ಪಕ್ಕದ ತಂತಿಗಳ ಓರೆಯನ್ನು ಏಳನೆಯ ಫ್ರೆಟ್ಟಿನಿಂದಾಚೆಗೆ ಇಟ್ಟುಕೊಳ್ಳಿ. ಲ್ಯಾಪ್ ಸ್ಟೀಲ್‌ಗಳ ಸ್ಕೇಲ್ 22.5 ಇಂಚಿಗೆ, ಅಂದರೆ 570 ಮಿ.ಮೀ. ಚಿಲ್ಲರೆಗೆ ಇಳಿದಾಗ ಈ ಓರೆ ಸುಲಭವಾಗುತ್ತದೆ.

ಶ್ರುತಿಯನ್ನೂ ನೋಡಿ. ಮೇಜರ್ ಕಾರ್ಡಿನ ಶ್ರುತಿಯಲ್ಲಿ ಮೈನರ್ ತರಲು ಓರೆ ಬೇಕೇ ಬೇಕು. ಸ್ಟೀಲ್ ವಾದಕ ಜೆರ್ರಿ ಬರ್ಡ್ ಅವರ ಹೆಸರಿಗೆ ಅಂಟಿಕೊಂಡ ಸಿ6 ಶ್ರುತಿ, ಅಂದರೆ ಸಿ–ಇ–ಜಿ–ಎ–ಸಿ–ಇ, ಆ ಕೆಲಸ ಅರ್ಧ ಉಳಿಸುತ್ತದೆ: ಮೇಲಿನ ಮೂರು ತಂತಿ ಮೀಟಿದರೆ ಎ ಮೈನರ್, ಕೆಳಗಿನ ಮೂರು ಮೀಟಿದರೆ ಸಿ ಮೇಜರ್, ಬಾರ್ ನೇರವಾಗಿಯೇ ಇರುತ್ತದೆ. ಓರೆ ಬೇಕಾದಾಗ ಲೆಕ್ಕ ಇಷ್ಟು: ಬಾರಿನ ಮೂಗು (ಸಣ್ಣ ತಂತಿಯ ಕಡೆಯ ಉರುಟು ತುದಿ) ಬ್ರಿಡ್ಜ್ ಕಡೆ ವಾಲಿದರೆ ಸಣ್ಣ ತಂತಿ ಏರಿ ಎರಡು ಸ್ವರಗಳ ಅಂತರ ಹಿಗ್ಗುತ್ತದೆ, ನಟ್ ಕಡೆ ವಾಲಿದರೆ ಕುಗ್ಗುತ್ತದೆ. ಜಿ ಮತ್ತು ಮೇಲಿನ ಇ ಜೋಡಿಯಲ್ಲಿ ಮೂಗನ್ನು ಒಂದು ಫ್ರೆಟ್ ನಟ್ ಕಡೆ ತಂದರೆ ಮೇಜರ್ ಆರನೆಯದು ಮೈನರ್ ಆರನೆಯದಾಗುತ್ತದೆ. ಹೆಬ್ಬೆರಳು ಬಾರಿನ ಹಿಂತುದಿಯನ್ನು ತಳ್ಳಲಿ, ಮಣಿಕಟ್ಟು ತಿರುಗದಿರಲಿ.

ಬಾರಿನ ಹಿಂದೆ ಉಂಗುರ ಬೆರಳು ಮತ್ತು ಕಿರುಬೆರಳು ತಂತಿಗಳ ಮೇಲೆ ಹಗುರವಾಗಿ ಎಳೆದುಕೊಂಡು ಬರಬೇಕು, ಇದನ್ನು ಮೊದಲ ದಿನದಿಂದಲೇ ರೂಢಿಸಿ. ಅವು ಎತ್ತಿಕೊಂಡರೆ ನಟ್ ಮತ್ತು ಬಾರ್ ನಡುವಿನ ತಂತಿಯ ತುಂಡೂ ನುಡಿಯುತ್ತದೆ, ಬಾರ್ ಮೇಲೆ ಹೋದಂತೆ ಆ ದನಿ ಕೆಳಗಿಳಿಯುತ್ತದೆ. ಶ್ರುತಿ ಸರಿಯಿದ್ದೂ ಏನೋ ಅಪಸ್ವರ ಎನಿಸಿದರೆ ಮೊದಲು ಆ ಎರಡು ಬೆರಳು ನೋಡಿಕೊಳ್ಳಿ.